ಗೆದ್ದದ್ದೆಷ್ಟು, ಸೋತದ್ದೆಷ್ಟು? ಸಿದ್ದರಾಮಯ್ಯನವರ ಚುನಾವಣಾ ಲೆಕ್ಕ

ಪ್ರಶ್ನೆ: ಸಿದ್ದರಾಮಯ್ಯನವರು 2023ರ ಚುನಾವಣೆಯೂ ಸೇರಿ ಒಟ್ಟು ಎಷ್ಟು ಬಾರಿ ವಿಧಾನಸಭೆಗೆ ಆಯ್ಕೆಯಾಗಿದ್ದಾರೆ? ನಮ್ಮ ಮನೆಯಲ್ಲಿ ಇದೇ ವಾದ ನಡೆದಿದೆ. ತಂದೆಯವರು ಎಂಟು ಎನ್ನುತ್ತಾರೆ, ಚಿಕ್ಕಪ್ಪ ಒಂಬತ್ತು ಎಂದು ಪಟ್ಟು ಹಿಡಿದಿದ್ದಾರೆ. ಯಾರ ಲೆಕ್ಕ ಸರಿ?
— ಓದುಗರೊಬ್ಬರು, ಹಾಸನ

ಉತ್ತರ: ಚಿಕ್ಕಪ್ಪನವರ ಲೆಕ್ಕ ಸರಿ. ಆದರೆ ತಂದೆಯವರನ್ನೂ ತಪ್ಪಿತಸ್ಥರೆನ್ನಲಾಗದು. ಅವರು ಸಾರ್ವತ್ರಿಕ ಚುನಾವಣೆಗಳನ್ನಷ್ಟೇ ಎಣಿಸಿ, 2006ರ ಉಪಚುನಾವಣೆಯನ್ನು ಕೈಬಿಟ್ಟಿರಬೇಕು. 1983, 1985, 1994 ಮತ್ತು 2004ರ ಸಾರ್ವತ್ರಿಕ ಚುನಾವಣೆಗಳಲ್ಲಿ ಹಾಗೂ 2006ರ ಉಪಚುನಾವಣೆಯಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಿಂದ ಗೆದ್ದರು. 2008, 2013 ಮತ್ತು 2023ರಲ್ಲಿ ವರುಣಾ ಕ್ಷೇತ್ರ ಅವರನ್ನು ಆರಿಸಿತು. ನಡುವೆ 2018ರಲ್ಲಿ ಬಾಗಲಕೋಟೆ ಜಿಲ್ಲೆಯ ಬಾದಾಮಿ ಕೈಹಿಡಿಯಿತು. ಚಾಮುಂಡೇಶ್ವರಿಯಲ್ಲಿ ಐದು, ವರುಣಾದಲ್ಲಿ ಮೂರು, ಬಾದಾಮಿಯಲ್ಲಿ ಒಂದು, ಹೀಗೆ ಒಟ್ಟು ಒಂಬತ್ತು.

ಸೋಲುಗಳ ಪಟ್ಟಿ ಚಿಕ್ಕದು. ವಿಧಾನಸಭೆಗೆ ಸ್ಪರ್ಧಿಸಿ ಅವರು ಸೋತದ್ದು 1989, 1999 ಮತ್ತು 2018ರಲ್ಲಿ, ಮೂರೂ ಬಾರಿ ಚಾಮುಂಡೇಶ್ವರಿಯಲ್ಲೇ. ಅಲ್ಲಿ ಎಂಟು ಬಾರಿ ನಿಂತು ಐದು ಬಾರಿ ಗೆದ್ದವರು, ವರುಣಾದಲ್ಲಿ ನಿಂತಾಗಲೆಲ್ಲ ಗೆದ್ದಿದ್ದಾರೆ. ಇದರ ಜೊತೆಗೆ ಲೋಕಸಭೆಗೆ ಎರಡು ಬಾರಿ, 1980ರಲ್ಲಿ ಮೈಸೂರಿನಿಂದ ಮತ್ತು 1991ರಲ್ಲಿ ಕೊಪ್ಪಳದಿಂದ ಸ್ಪರ್ಧಿಸಿ ಸೋತಿದ್ದಾರೆ. ಲೋಕಸಭೆಯ ಮೆಟ್ಟಿಲನ್ನು ಅವರು ಸದಸ್ಯರಾಗಿ ಹತ್ತಲೇ ಇಲ್ಲ.

ಪ್ರಶ್ನೆ: 1983ರಲ್ಲಿ ಅವರು ಪಕ್ಷೇತರರಾಗಿ ಗೆದ್ದರೆಂದು ಕೆಲವರು, ಜನತಾ ಪಕ್ಷದಿಂದ ಗೆದ್ದರೆಂದು ಕೆಲವರು ಹೇಳುತ್ತಾರೆ. ರಾಜಕೀಯಕ್ಕೆ ಬರುವ ಮೊದಲು ಏನಾಗಿದ್ದರು?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಎರಡೂ ಅಲ್ಲ. ಅವರು ಆಗ ಗೆದ್ದದ್ದು ಭಾರತೀಯ ಲೋಕದಳದ ಅಭ್ಯರ್ಥಿಯಾಗಿ. ಮೈಸೂರು ತಾಲ್ಲೂಕಿನ ಸಿದ್ದರಾಮನಹುಂಡಿಯ ಕೃಷಿಕ ಕುಟುಂಬದಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಾನೂನು ಓದಿ, ವಕೀಲರಾಗಿ ನ್ಯಾಯಾಲಯಕ್ಕೆ ಹೋಗುತ್ತಿದ್ದ ಅವರು ಮೊದಲು ಪ್ರವೇಶಿಸಿದ್ದು ತಾಲ್ಲೂಕು ಮಂಡಳಿಯನ್ನು. ಮೇಲಿನ ಒಂಬತ್ತರ ಲೆಕ್ಕದಲ್ಲಿ ಆ ಗೆಲುವನ್ನು ಸೇರಿಸಿಲ್ಲ.

1983ರ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು, ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾಯರು ಸೋಮವಾರಪೇಟೆಯಲ್ಲಿ ತಾವೇ ಸೋತರು. ಜನತಾ ಪಕ್ಷಕ್ಕೆ 95 ಸ್ಥಾನಗಳಷ್ಟೇ ದೊರೆತು ಬಹುಮತಕ್ಕೆ ಬಲ ಸಾಲದಿದ್ದಾಗ, ರಾಮಕೃಷ್ಣ ಹೆಗಡೆಯವರ ಸರ್ಕಾರಕ್ಕೆ ಹೊರಗಿನ ಶಾಸಕರ ಬೆಂಬಲ ಬೇಕಾಯಿತು, ಅಂಥ ಶಾಸಕರಿಗೆ ಬೆಲೆಯೂ ಬಂತು. ಸಿದ್ದರಾಮಯ್ಯನವರು ಹೆಗಡೆಯವರನ್ನು ಬೆಂಬಲಿಸಿದರು, ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾದರು, ಜನತಾ ಪಕ್ಷವನ್ನೂ ಸೇರಿದರು. 1985ರ ಮಧ್ಯಂತರ ಚುನಾವಣೆಯಲ್ಲಿ ಜನತಾ ಪಕ್ಷದಿಂದಲೇ ಮರು ಆಯ್ಕೆಯಾಗಿ ಪಶುಸಂಗೋಪನೆ ಸಚಿವರಾದರು. ಜನರ ನೆನಪಿನಲ್ಲಿ ಈ ಎರಡು ಚುನಾವಣೆಗಳು ಒಂದಕ್ಕೊಂದು ಬೆರೆತು ಹೋಗಿರುವುದರಿಂದಲೇ ನೀವು ಕೇಳಿದ ಗೊಂದಲ ಹುಟ್ಟಿಕೊಂಡಿದೆ.

ಪ್ರಶ್ನೆ: ಅವರು ಸೋತಾಗಲೆಲ್ಲ ಚಾಮುಂಡೇಶ್ವರಿಯಲ್ಲೇ ಸೋತಿದ್ದಾರೆ. ಸ್ವಂತ ಕ್ಷೇತ್ರವೇ ಮತ್ತೆ ಮತ್ತೆ ಕೈಬಿಟ್ಟಿತೆಂದರೆ ಅದಕ್ಕೆ ಒಂದೇ ಕಾರಣವಿರಬೇಕಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾಗೆ ಕಾಣುವುದು ಸಹಜ, ಆದರೆ ನನ್ನ ಅಭಿಪ್ರಾಯದಲ್ಲಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವುದು ತಪ್ಪು. ಮೊದಲೆರಡು ಸೋಲುಗಳು ರಾಜ್ಯವ್ಯಾಪಿ ಗಾಳಿಗೆ ಸೇರಿದವು, ಮೂರನೆಯದು ಕ್ಷೇತ್ರದ ನಕ್ಷೆಗೆ ಸೇರಿದ್ದು.

1989ರಲ್ಲಿ ಅವರು ಜನತಾದಳದ ಅಭ್ಯರ್ಥಿಯಾಗಿ ಕಾಂಗ್ರೆಸ್ಸಿನ ಹಿರಿಯ ನಾಯಕ ಎಂ. ರಾಜಶೇಖರಮೂರ್ತಿಯವರ ಎದುರು ಸೋತರು. ಆ ವರ್ಷ ವೀರೇಂದ್ರ ಪಾಟೀಲರ ನೇತೃತ್ವದ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಬಾಚಿಕೊಂಡಿತ್ತು, ಎಚ್.ಡಿ. ದೇವೇಗೌಡರಂಥವರೇ ಹೊಳೆನರಸೀಪುರವನ್ನು ಉಳಿಸಿಕೊಳ್ಳಲಾಗಲಿಲ್ಲ. 1999ರಲ್ಲಿ ಜನತಾದಳ ಒಡೆದು ಎರಡು ಹೋಳಾಯಿತು. ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ದೇವೇಗೌಡರ ಜೊತೆ ಜಾತ್ಯತೀತ ಜನತಾದಳದಲ್ಲಿ ಉಳಿದರು. ಆ ಪಕ್ಷ ರಾಜ್ಯದಲ್ಲಿ ಗೆದ್ದದ್ದು ಕೇವಲ 10 ಸ್ಥಾನ, ಎಸ್.ಎಂ. ಕೃಷ್ಣ ಅವರ ಕಾಂಗ್ರೆಸ್ ಗೆದ್ದದ್ದು 132. ಚಾಮುಂಡೇಶ್ವರಿಯಲ್ಲಿ ಕಾಂಗ್ರೆಸ್ಸಿನ ಎ.ಎಸ್. ಗುರುಸ್ವಾಮಿಯವರು ಗೆದ್ದರು. ಇಂಥ ವರ್ಷಗಳಲ್ಲಿ ಅಭ್ಯರ್ಥಿಯ ವೈಯಕ್ತಿಕ ಬಲಾಬಲವನ್ನು ಫಲಿತಾಂಶದಿಂದ ಅಳೆಯುವುದು ಕಷ್ಟ. ಮಗ್ಗುಲಿನ ಮಾತೊಂದನ್ನೂ ಸೇರಿಸಬೇಕು: ಅವರ 1985 ಮತ್ತು 1994ರ ಗೆಲುವುಗಳೂ ಹೀಗೆಯೇ ಜನತಾ ಅಲೆಯ ವರ್ಷಗಳಲ್ಲಿ ಬಂದವು. ಸೋಲಿಗೆ ಅಲೆಯನ್ನು ಕಾರಣವೆಂದು ಒಪ್ಪಿದವರು ಗೆಲುವಿನಲ್ಲಿಯೂ ಅದರ ಪಾಲನ್ನು ಒಪ್ಪಬೇಕಾಗುತ್ತದೆ.

2018ರ ಕಥೆಯೇ ಬೇರೆ. ಜಾತ್ಯತೀತ ಜನತಾದಳದ ಜಿ.ಟಿ. ದೇವೇಗೌಡರು 1,21,325 ಮತ ಪಡೆದು, 85,283 ಮತ ಪಡೆದ ಮುಖ್ಯಮಂತ್ರಿಯನ್ನು 36,042 ಮತಗಳ ಅಂತರದಿಂದ ಸೋಲಿಸಿದರು. ಅದೇ ದಿನ, ಪಕ್ಕದ ವರುಣಾದಲ್ಲಿ ಸಿದ್ದರಾಮಯ್ಯನವರ ಪುತ್ರ ಯತೀಂದ್ರ ಅವರು 58,616 ಮತಗಳ ಅಂತರದಿಂದ ಗೆದ್ದರು. ಗಡಿ ಹಂಚಿಕೊಂಡ ಎರಡು ಕ್ಷೇತ್ರಗಳಲ್ಲಿ ಒಂದು ತಂದೆಯನ್ನು ಅಷ್ಟು ದೊಡ್ಡ ಅಂತರದಿಂದ ನಿರಾಕರಿಸಿ, ಇನ್ನೊಂದು ಮಗನನ್ನು ಅದಕ್ಕಿಂತ ದೊಡ್ಡ ಅಂತರದಿಂದ ಆರಿಸಿದ್ದನ್ನು ಕೇವಲ ಆಡಳಿತ ವಿರೋಧಿ ಅಲೆ ಎಂದು ವಿವರಿಸಲಾಗದು.

ಇಲ್ಲಿ 2008ರ ಕ್ಷೇತ್ರ ಪುನರ್ವಿಂಗಡಣೆಯನ್ನು ನೆನೆಯಬೇಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಹೊಸ ಗಡಿಗಳನ್ನು ಗುರುತಿಸಿತು. ಆ ಹೊಸ ಗಡಿಗಳಂತೆ ವಿಧಾನಸಭಾ ಚುನಾವಣೆ ನಡೆದ ಮೊದಲ ರಾಜ್ಯ ಕರ್ನಾಟಕ. ಮೈಸೂರು, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಭಾಗಗಳನ್ನು ಸೇರಿಸಿ ವರುಣಾ ಎಂಬ ಹೊಸ ಕ್ಷೇತ್ರ ಹುಟ್ಟಿತು. ಸಿದ್ದರಾಮನಹುಂಡಿಯೂ ಸುತ್ತಲಿನ ಹಳ್ಳಿಗಳೂ ಚಾಮುಂಡೇಶ್ವರಿಯಿಂದ ಕಳಚಿ ಅದರೊಳಗೆ ಹೋದವು. ಚಾಮುಂಡೇಶ್ವರಿಯ ಪಾಲಿಗೆ ಇಲವಾಲ, ಜಯಪುರದ ಕಡೆಯ ಗ್ರಾಮಗಳೂ, ವರ್ಷದಿಂದ ವರ್ಷಕ್ಕೆ ಹಬ್ಬುತ್ತಿರುವ ಮೈಸೂರು ನಗರದಂಚಿನ ಬಡಾವಣೆಗಳೂ ಉಳಿದವು. ಆದ್ದರಿಂದ 2018ರಲ್ಲಿ ಸಿದ್ದರಾಮಯ್ಯನವರು ‘ಹಳೆಯ ಕ್ಷೇತ್ರಕ್ಕೆ ಮರಳಿದರು’ ಎಂದು ಬರೆಯುವಾಗ ನಾವೆಲ್ಲ ಸ್ವಲ್ಪ ಅವಸರ ಮಾಡಿದೆವು. ಅವರು ಮರಳಿದ್ದು ಹಳೆಯ ಹೆಸರಿಗೆ. 1983ರಲ್ಲಿ ಅವರನ್ನು ಆರಿಸಿದ ಊರುಗಳಲ್ಲಿ ಹಲವು ಆ ವೇಳೆಗೆ ಅವರ ಮಗನ ಕ್ಷೇತ್ರದಲ್ಲಿದ್ದವು. ಎದುರಿಗಿದ್ದವರಾದರೋ ಅಲ್ಲಿ 2013ರಲ್ಲಿಯೂ ಗೆದ್ದಿದ್ದ, ಹಾಲಿ ಶಾಸಕರಾಗಿದ್ದ, ಹಿಂದೆ ಜನತಾ ಪರಿವಾರದಲ್ಲಿ ಜೊತೆಗಿದ್ದ ನಾಯಕ.

ಐದು ವರ್ಷದ ಅವಧಿಯನ್ನು ಪೂರೈಸಿದ ಮುಖ್ಯಮಂತ್ರಿ, ದೇವರಾಜ ಅರಸು ಅವರ ನಂತರ ಆ ಸಾಧನೆ ಮಾಡಿದ ಮೊದಲಿಗರು, ಅದರ ಬೆನ್ನಲ್ಲೇ ಹೀಗೆ ಸೋತದ್ದು ಅನೇಕರಿಗೆ ಆಶ್ಚರ್ಯ ತಂದಿತ್ತು. ಕ್ಷೇತ್ರದ ಎರಡು ಕಾಲದ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಆ ಆಶ್ಚರ್ಯ ಅರ್ಧಕ್ಕೆ ಇಳಿದಿರಬೇಕು.

ಪ್ರಶ್ನೆ: 2005ರಲ್ಲಿ ಜಾತ್ಯತೀತ ಜನತಾದಳವೇ ಅವರನ್ನು ಹೊರಹಾಕಿತ್ತು. ಹಾಗಿರುವಾಗ 2006ರಲ್ಲಿ ಕಾಂಗ್ರೆಸ್ ಸೇರಲು ಶಾಸಕ ಸ್ಥಾನಕ್ಕೆ ರಾಜೀನಾಮೆ ನೀಡುವ ಅಗತ್ಯವೇನಿತ್ತು? ಉಚ್ಚಾಟಿತರಿಗೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುತ್ತದೆಯೇ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ಇದು ನನಗೆ ಹೆಚ್ಚು ಇಷ್ಟವಾದದ್ದು. 2004ರ ಅತಂತ್ರ ವಿಧಾನಸಭೆಯಲ್ಲಿ ಎನ್. ಧರ್ಮಸಿಂಗ್ ನೇತೃತ್ವದ ಮೈತ್ರಿ ಸರ್ಕಾರದ ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು, ಅಲ್ಪಸಂಖ್ಯಾತರು, ಹಿಂದುಳಿದವರು ಮತ್ತು ದಲಿತರನ್ನು ಒಗ್ಗೂಡಿಸುವ ‘ಅಹಿಂದ’ ಸಮಾವೇಶಗಳಲ್ಲಿ ತೊಡಗಿಕೊಂಡ ಬಳಿಕ ಪಕ್ಷದ ನಾಯಕತ್ವದೊಡನೆ ಸಂಬಂಧ ಹದಗೆಟ್ಟು, 2005ರಲ್ಲಿ ಸ್ಥಾನವನ್ನೂ ಪಕ್ಷವನ್ನೂ ಕಳೆದುಕೊಂಡರು.

ಸಂವಿಧಾನಕ್ಕೆ 1985ರಲ್ಲಿ ಸೇರಿದ ಹತ್ತನೇ ಅನುಸೂಚಿಯಲ್ಲಿ ಉಚ್ಚಾಟನೆಯ ಮಾತೇ ಇಲ್ಲ. ಪಕ್ಷದ ಸದಸ್ಯತ್ವವನ್ನು ಸ್ವಇಚ್ಛೆಯಿಂದ ಬಿಟ್ಟರೆ ಅಥವಾ ವಿಪ್ ಉಲ್ಲಂಘಿಸಿದರೆ ಅನರ್ಹತೆ ಎಂದಷ್ಟೇ ಅದು ಹೇಳುತ್ತದೆ. ಆದರೆ 1996ರಲ್ಲಿ ತಮಿಳುನಾಡಿನ ವಿಶ್ವನಾಥನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಚ್ಚಾಟಿತನಾದ ಶಾಸಕ ಕೂಡ ಈ ಅನುಸೂಚಿಯ ಮಟ್ಟಿಗೆ ತನ್ನನ್ನು ಚುನಾವಣೆಗೆ ನಿಲ್ಲಿಸಿದ ಪಕ್ಷದವನಾಗಿಯೇ ಉಳಿಯುತ್ತಾನೆ, ಅವನು ಬೇರೆ ಪಕ್ಷ ಸೇರಿದರೆ ಮೂಲ ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟಂತೆಯೇ ಸರಿ ಎಂದು ತೀರ್ಪಿತ್ತಿತು. ಅಂದರೆ ಮನೆಯವರು ಹೊರಹಾಕಿದರೂ ದಾಖಲೆಯಲ್ಲಿ ಆ ಮನೆಯ ಸದಸ್ಯನೇ. ಬೇರೆ ಮನೆಗೆ ಕಾಲಿಟ್ಟ ಕ್ಷಣ ತಪ್ಪು ಅವನದಾಗುತ್ತದೆ. ಮೂರನೇ ಒಂದು ಭಾಗದಷ್ಟು ಶಾಸಕರನ್ನು ಜೊತೆಗೆ ಕರೆತಂದು ‘ಪಕ್ಷ ಒಡೆದಿದೆ’ ಎನ್ನುವ ಹಳೆಯ ದಾರಿಯೂ 2003ರ ತಿದ್ದುಪಡಿಯಿಂದ ಮುಚ್ಚಿಹೋಗಿತ್ತು. ಕಾಂಗ್ರೆಸ್ ಸೇರಿಯೂ ಶಾಸಕರಾಗಿರಬೇಕೆಂದರೆ ರಾಜೀನಾಮೆ ಕೊಟ್ಟು ಜನರ ಮುಂದೆ ಮತ್ತೊಮ್ಮೆ ನಿಲ್ಲುವುದೊಂದೇ ಸುರಕ್ಷಿತ ದಾರಿಯಾಗಿತ್ತು.

ಅವರು ಹಾಗೆಯೇ ಮಾಡಿದರು. ಇದೇ ಬಾಗಿಲಿನಿಂದ 2008ರ ನಂತರ ಎಷ್ಟೋ ಮಂದಿ ಶಾಸಕರು ಪಕ್ಷದಿಂದ ಪಕ್ಷಕ್ಕೆ ದಾಟಿದ್ದನ್ನು ನೀವು ಬಲ್ಲಿರಿ. ಅವುಗಳ ಉದ್ದೇಶಗಳ ನಡುವಿನ ವ್ಯತ್ಯಾಸವನ್ನು ರಾಜಕೀಯ ತೂಗಬಹುದು, ಕಾನೂನು ತೂಗುವುದಿಲ್ಲ.

ಪ್ರಶ್ನೆ: ಆ ಉಪಚುನಾವಣೆಯಲ್ಲಿ 257 ಮತಗಳಿಂದ ಗೆದ್ದರೆಂಬುದು ನಿಜವೇ? ರಾಜ್ಯದಲ್ಲಿ ಅದೇ ಅತಿ ಕಡಿಮೆ ಅಂತರವೇ?
— ಓದುಗರೊಬ್ಬರು, ತುಮಕೂರು

ಉತ್ತರ: 257 ಎಂಬುದು ನಿಜ. 2006ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅವರು ಜಾತ್ಯತೀತ ಜನತಾದಳದ ಎಂ. ಶಿವಬಸಪ್ಪ ಅವರನ್ನು ಸೋಲಿಸಿದ್ದು ಅಷ್ಟೇ ಮತಗಳಿಂದ. ಆಗ ರಾಜ್ಯದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿ. ಅಧಿಕಾರದಲ್ಲಿದ್ದ ಎರಡು ಪಕ್ಷಗಳ ಎದುರು ನಡೆದ ಈ ಚುನಾವಣೆಯನ್ನು ಮೈಸೂರಿನವರು ಇಂದಿಗೂ ಕಥೆಯಂತೆ ಹೇಳುತ್ತಾರೆ. ಸೋತಿದ್ದರೆ ಮುಂದಿನ ದಾರಿ ಹೇಗಿರುತ್ತಿತ್ತೋ ಊಹಿಸಬಹುದು, ಆದರೆ ಈ ಅಂಕಣದಲ್ಲಿ ಊಹೆಗೆ ಜಾಗ ಕೊಡುವ ರೂಢಿಯಿಲ್ಲ. ಗೆದ್ದುದರ ಫಲವಂತೂ ಕಣ್ಣಮುಂದಿದೆ. 2008ರಲ್ಲಿ ವರುಣಾದಲ್ಲಿ ಬಿಜೆಪಿಯ ಎಲ್. ರೇವಣಸಿದ್ದಯ್ಯ ಅವರನ್ನು 18 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು, ಮರುವರ್ಷ ಮಲ್ಲಿಕಾರ್ಜುನ ಖರ್ಗೆಯವರು ಲೋಕಸಭೆಗೆ ಹೋದಾಗ ವಿರೋಧ ಪಕ್ಷದ ನಾಯಕರಾದರು. 2013ರಲ್ಲಿ ಕರ್ನಾಟಕ ಜನತಾ ಪಕ್ಷದ ಕಾಪು ಸಿದ್ದಲಿಂಗಸ್ವಾಮಿಯವರ ಎದುರು 29,641 ಮತಗಳಿಂದ ಗೆದ್ದು ಮೇ 13ರಂದು ಮುಖ್ಯಮಂತ್ರಿಯಾದರು.

ಅತಿ ಕಡಿಮೆ ಅಂತರದ ದಾಖಲೆ ಮಾತ್ರ ಇದಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರು ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿಯವರನ್ನು ಒಂದೇ ಒಂದು ಮತದಿಂದ ಸೋಲಿಸಿದರು. ಆ ಕ್ಷೇತ್ರವೂ 2008ರ ಪುನರ್ವಿಂಗಡಣೆಯಲ್ಲಿ ಮಾಯವಾಯಿತು. 2008ರಲ್ಲಿ ಜೇವರ್ಗಿಯಲ್ಲಿ, ಸಿದ್ದರಾಮಯ್ಯನವರು ಯಾರ ಕೈಕೆಳಗೆ ಉಪಮುಖ್ಯಮಂತ್ರಿಯಾಗಿದ್ದರೋ ಆ ಧರ್ಮಸಿಂಗ್ ಅವರೇ 70 ಮತಗಳಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶವನ್ನು 16 ಮತಗಳು ತೀರ್ಮಾನಿಸಿದವು. ಇವುಗಳ ಪಕ್ಕದಲ್ಲಿಟ್ಟರೆ 257 ಸಮಾಧಾನಕರ ಸಂಖ್ಯೆಯೆಂದೇ ಹೇಳಬೇಕು.

ಪ್ರಶ್ನೆ: ಮೈಸೂರಿನವರು ಬಾದಾಮಿಯಲ್ಲಿ ನಿಲ್ಲಲು ಕಾನೂನಿನ ಅಡ್ಡಿಯಿಲ್ಲವೇ? ಎರಡರಲ್ಲೂ ಗೆದ್ದಿದ್ದರೆ ಏನಾಗುತ್ತಿತ್ತು? ಎಷ್ಟು ಕ್ಷೇತ್ರಗಳಲ್ಲಿ ಬೇಕಾದರೂ ನಿಲ್ಲಬಹುದೇ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ವಿಧಾನಸಭೆಗೆ ಸ್ಪರ್ಧಿಸುವವರು ಆ ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು, ಸ್ಪರ್ಧಿಸುವ ಕ್ಷೇತ್ರದಲ್ಲೇ ಮತ ಇರಬೇಕೆಂಬ ನಿಯಮವಿಲ್ಲ. ಕ್ಷೇತ್ರಗಳ ಸಂಖ್ಯೆಗೆ ಮೊದಲು ಮಿತಿಯೇ ಇರಲಿಲ್ಲ. 1996ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದು, ಗರಿಷ್ಠ ಎರಡು ಎಂದು ನಿಗದಿಪಡಿಸಲಾಯಿತು. ಎರಡರಲ್ಲೂ ಗೆದ್ದವರು 14 ದಿನಗಳೊಳಗೆ ಒಂದನ್ನು ಬಿಡಬೇಕು. ಬಿಡದಿದ್ದರೆ ಎರಡೂ ತೆರವಾಗುತ್ತವೆ. ಬಿಟ್ಟ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯುತ್ತದೆ. ಅದೇ 2018ರಲ್ಲಿ ರಾಮನಗರ ಮತ್ತು ಚನ್ನಪಟ್ಟಣ ಎರಡರಲ್ಲೂ ಗೆದ್ದ ಕುಮಾರಸ್ವಾಮಿಯವರು ರಾಮನಗರವನ್ನು ಬಿಟ್ಟುಕೊಟ್ಟರು, ಅಲ್ಲಿ ಅವರ ಪತ್ನಿ ಅನಿತಾ ಅವರು ಆಯ್ಕೆಯಾದರು. ಸರ್ಕಾರಿ ಖರ್ಚಿನಲ್ಲಿ ಮತ್ತೊಮ್ಮೆ ಮತಗಟ್ಟೆ ತೆರೆಸುವ ಈ ಅನುಕೂಲವನ್ನು ಅಭ್ಯರ್ಥಿಗಳಿಗೆ ಕೊಡಬೇಕೇ ಎಂಬ ಬಗ್ಗೆ ನನಗೆ ತಕರಾರಿದೆ, ಆದರೆ ಕಾನೂನು ಕೊಟ್ಟಿದೆ.

ಬಾದಾಮಿಯಲ್ಲಿ ಹಾಲಿ ಶಾಸಕರಾಗಿದ್ದ ಬಿ.ಬಿ. ಚಿಮ್ಮನಕಟ್ಟಿಯವರು ಸಿದ್ದರಾಮಯ್ಯನವರಿಗೆ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಾಳಿಯಾಗಿದ್ದ ಬಿಜೆಪಿಯ ಬಿ. ಶ್ರೀರಾಮುಲು ಅವರೂ ಎರಡು ಕಡೆ ನಿಂತವರೇ: ಮೊಳಕಾಲ್ಮೂರಿನಲ್ಲಿ ಗೆದ್ದು, ಬಾದಾಮಿಯಲ್ಲಿ ಸೋತರು. ಸಿದ್ದರಾಮಯ್ಯನವರಿಗೆ ಬಂದದ್ದು 67,599 ಮತ, ಶ್ರೀರಾಮುಲು ಅವರಿಗೆ 65,903, ಅಂತರ 1,696. ಉತ್ತರ ಕರ್ನಾಟಕದಲ್ಲಿ ಅವರು ನಿಂತದ್ದು ಇದೇ ಮೊದಲೇನಲ್ಲ. 1991ರಲ್ಲಿ ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಸವರಾಜ ಪಾಟೀಲ ಅನ್ವರಿ ಅವರ ಎದುರು ಸೋತಿದ್ದರು. ಹುಟ್ಟೂರಿನ ಸೀಮೆ ಕೈಕೊಟ್ಟ ದಿನವೇ ದೂರದ ಬಾದಾಮಿ ವಿಧಾನಸಭೆಯ ಬಾಗಿಲು ತೆರೆಯಿತೆಂಬುದನ್ನು ನಿಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: 2023ರಲ್ಲಿ ಕೋಲಾರದಿಂದ ಸ್ಪರ್ಧಿಸುವುದಾಗಿ ಘೋಷಿಸಿದ್ದರಲ್ಲವೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಹೌದು, ಆ ವರ್ಷದ ಜನವರಿಯಲ್ಲಿ ಕೋಲಾರದಲ್ಲಿಯೇ ಘೋಷಿಸಿದ್ದರು. ಕೊನೆಗೆ ಪಕ್ಷ ಅವರಿಗೆ ವರುಣಾ ಒಂದನ್ನೇ ಕೊಟ್ಟಿತು. ಯತೀಂದ್ರ ಅವರು ತಂದೆಗಾಗಿ ಕ್ಷೇತ್ರ ಬಿಟ್ಟುಕೊಟ್ಟರು. ಬಿಜೆಪಿ ಬೆಂಗಳೂರಿನ ಸಚಿವ ವಿ. ಸೋಮಣ್ಣ ಅವರನ್ನು ಎದುರಿಗೆ ನಿಲ್ಲಿಸಿದರೂ ಸಿದ್ದರಾಮಯ್ಯನವರು 1,19,816 ಮತ ಪಡೆದು 46,163 ಮತಗಳ ಅಂತರದಿಂದ ಗೆದ್ದರು. ಮೇ 20ರಂದು ಎರಡನೇ ಬಾರಿಗೆ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು.

ಪ್ರಶ್ನೆ: ಲೋಕದಳ, ಜನತಾ ಪಕ್ಷ, ಜನತಾದಳ, ಜಾತ್ಯತೀತ ಜನತಾದಳ, ಕಾಂಗ್ರೆಸ್. ಐದು ಪಕ್ಷ ಬದಲಿಸಿದವರೆಂದು ಕರೆಯಬಹುದೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಹೆಸರುಗಳನ್ನು ಎಣಿಸಿದರೆ ಐದು. ಆದರೆ ಮೊದಲ ನಾಲ್ಕೂ ಒಂದೇ ಪರಿವಾರದ ಕವಲುಗಳು. ಪಕ್ಷಗಳು ಕೂಡಿದಾಗಲೂ ಒಡೆದಾಗಲೂ ಅವುಗಳಲ್ಲಿದ್ದವರ ಹಣೆಪಟ್ಟಿ ತಾನಾಗಿ ಬದಲಾಗುತ್ತಿತ್ತು. ಅದೇ ಲೆಕ್ಕ ಹಿಡಿದರೆ ಆ ತಲೆಮಾರಿನ ಜನತಾ ನಾಯಕರಲ್ಲಿ ಬಹುತೇಕರನ್ನು ಹೀಗೆಯೇ ಕರೆಯಬೇಕಾದೀತು. ಕಾಂಗ್ರೆಸ್ಸನ್ನು ಎದುರಿಸುತ್ತಲೇ ಎರಡು ದಶಕಗಳಿಗೂ ಹೆಚ್ಚು ಕಾಲ ರಾಜಕಾರಣ ಮಾಡಿದವರು ಅದೇ ಪಕ್ಷ ಸೇರಿದ 2006ರ ನಿರ್ಧಾರವೊಂದೇ ನಿಜವಾದ ಪಕ್ಷಾಂತರ. ಅದಕ್ಕೆ ಅವರು ಉಪಚುನಾವಣೆಯ ಪರೀಕ್ಷೆಯನ್ನು ಎದುರಿಸಿದ್ದನ್ನು ಮೇಲೆಯೇ ಹೇಳಿದ್ದೇನೆ.

ಪ್ರಶ್ನೆ: ಎರಡು ಕ್ಷೇತ್ರಗಳಲ್ಲಿ ನಿಂತವರು ತಮಗೆ ತಾವೇ ಎರಡು ಮತ ಹಾಕಿಕೊಳ್ಳಬಹುದೇ?
— ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಇಲ್ಲ. ಒಬ್ಬರ ಹೆಸರು ಒಂದೇ ಕ್ಷೇತ್ರದ ಪಟ್ಟಿಯಲ್ಲಿರಬೇಕು, ಮತವೂ ಒಂದೇ. 2018ರ ಮೇ 12ರಂದು ಸಿದ್ದರಾಮಯ್ಯನವರು ಮತ ಹಾಕಿದ್ದು ಹುಟ್ಟೂರು ಸಿದ್ದರಾಮನಹುಂಡಿಯಲ್ಲಿ. ಆ ಊರು ವರುಣಾ ಕ್ಷೇತ್ರದಲ್ಲಿದೆ, ಅವರು ಅಭ್ಯರ್ಥಿಯಾಗಿದ್ದದ್ದು ಚಾಮುಂಡೇಶ್ವರಿ ಮತ್ತು ಬಾದಾಮಿಯಲ್ಲಿ. ಎರಡು ಮತಯಂತ್ರಗಳ ಮೇಲೆ ಅವರ ಹೆಸರಿತ್ತು, ಅವರು ಗುಂಡಿ ಒತ್ತಿದ ಯಂತ್ರದ ಮೇಲೆ ಇರಲಿಲ್ಲ. 2023ರಲ್ಲಿ ಅದೇ ಊರಿನಲ್ಲಿ ಮತ ಹಾಕುವಾಗ ಇತ್ತು.